ಓಣಿಯಲ್ಲಿ ಹಾಸಿದ ಫೋನು

ನಾರಾಯಣಪೇಟೆಯ ಬೇವಿನಮರದ ಓಣಿಯಲ್ಲಿ ಒಂದು ಶ್ರಾವಣ ಸೋಮವಾರ ಬೆಳಗಿನ ಎಂಟರಿಂದ ಸಂಜೆ ಆರರವರೆಗೆ ಸಂಚಾರ ನಿಂತುಹೋಗಿತ್ತು. ಅದಕ್ಕೆ ಸರ್ಕಾರಿ ಕಾಗದದಲ್ಲಿ ಒಂದು ಕಾರಣ ಬರೆದಿದೆ, ಪತ್ರಿಕೆಯಲ್ಲಿ ಇನ್ನೊಂದು. ಎರಡೂ ತಪ್ಪು. ನಿಜವಾದ ಕಾರಣ ನನ್ನ ತಂಗಿಯ ಗಂಡ ಗುರುಲಿಂಗಪ್ಪ. ಓಣಿಯ ಪೂರ್ವದ ಬಾಯಿಯಲ್ಲಿ ಹಗ್ಗ ಹಿಡಿದು ನಿಂತಿದ್ದವನು ನಾನೇ ಆದ್ದರಿಂದ ನನಗೆ ಎಲ್ಲ ಗೊತ್ತು. ಮಾಸ್ತರಿಕೆಯಿಂದ ನಿವೃತ್ತನಾಗಿ, ಮೂರು ಹೊತ್ತು ಲಿಂಗಪೂಜೆ ಮಾಡಿಕೊಂಡಿರುವ ನಾನು ಈ ವಯಸ್ಸಿನಲ್ಲಿ ಸುಳ್ಳು ಬರೆದು ಶಿವನಿಗೆ ಏನು ಉತ್ತರ ಹೇಳಲಿ?

ಗುರುಲಿಂಗ ನಲವತ್ತೈದು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಸೀರೆ ನೇಯ್ದವನು. ನೇಯ್ಗೆ ಬಿಟ್ಟರೆ ಅವನಿಗೆ ಬೇರೇನೂ ತಿಳಿಯದು. ಆದರೆ ತಿಳಿಯದು ಎಂಬ ಸಂಗತಿ ಮಾತ್ರ ಅವನಿಗೆ ತಿಳಿದಿರಲಿಲ್ಲ. ದೊಡ್ಡ ಫೋನು ಕೊಂಡ ದಿನವೇ ಅದನ್ನು ಕಿವಿಗೆ ತಲೆಕೆಳಗಾಗಿ ಹಿಡಿದು, "ಈ ಕಂಪನಿಯವರು ಧ್ವನಿ ಸಣ್ಣ ಇಟ್ಟಾರ" ಎಂದು ಇಡೀ ಓಣಿಗೆ ತೀರ್ಪು ಕೊಟ್ಟಿದ್ದ.

ನನ್ನ ತಂಗಿ ಚನ್ನವೀರಮ್ಮ ಹಿಂದಿನ ಕಾರ್ತಿಕದಲ್ಲಿ ಲಿಂಗೈಕ್ಯಳಾದಳು. ಅವಳದೆಂದು ಉಳಿದದ್ದು ಆಧಾರ್ ಕಾರ್ಡಿನ ಒಂದು ಫೋಟೊ. ಅದರಲ್ಲಿ ಅವಳು ಯಾರನ್ನೋ ಬೈಯಲು ಬಾಯಿ ತೆರೆಯುವ ಮುಂಚಿನ ಕ್ಷಣದಲ್ಲಿದ್ದಾಳೆ. ಬೈದದ್ದು ಕೇಳಿಸುವುದಿಲ್ಲ. ಅದೇ ಗುರುಲಿಂಗನ ಕೊರಗು.

ಹೀಗಿರುವಾಗ ಗದ್ವಾಲದಲ್ಲಿರುವ ನಮ್ಮ ಕಿರಿಯ ತಂಗಿ ಭುವನೇಶ್ವರಿಗೆ ನೆನಪಾಯಿತು: ಎರಡು ವರ್ಷದ ಹಿಂದೆ ಅವಳ ಮೊಮ್ಮಗನ ತೊಟ್ಟಿಲ ದಿನ ತೆಗೆದ ವಿಡಿಯೊದಲ್ಲಿ ಅಕ್ಕನ ಧ್ವನಿ ಇದೆ. ಆ ಫೋನು ಬಟ್ಟೆ ನೆನೆಹಾಕಿದ ಬಕೆಟ್ಟಿನಲ್ಲಿ ಬಿದ್ದು ಸತ್ತಿತ್ತು. ಅದನ್ನು ಮಕ್ತಲದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಕೊಟ್ರೇಶನಿಗೆ ಮುಟ್ಟಿಸಿದರು. ಪುಣ್ಯಾತ್ಮ ಒಂದು ವಾರ ಕಷ್ಟಪಟ್ಟು ವಿಡಿಯೊ ಹೊರಗೆಳೆದ. ಭಾನುವಾರ ಗುರುಲಿಂಗನಿಗೆ ಫೋನು ಮಾಡಿದ.

"ಅಪ್ಪಾರ, ಅವ್ವಾರ ಧ್ವನಿ ಸಿಕ್ಕೈತ್ರಿ. ನೆಟ್ಟಿನ್ಯಾಗ ಇಟ್ಟು ಲಿಂಕ್ ಕಳಿಸೀನಿ. ನಾಳೆ ಸಂಜಿ ಆರರ ತನಕ ಇರ್ತದ, ಆಮ್ಯಾಲ ತಾನ ಅಳಿಸಿ ಹೋಗ್ತದ. ಹಳೇ ಫೋನಂತೂ ಪೂರಾ ಸತ್ತು ಹೋತು, ಅಂಗಡಿ ಕಂಪ್ಯೂಟರ್ ನಾನ ಇವತ್ತ ಅಳಿಸಿ ಮಾರಾಕತ್ತೀನಿ. ಅದಕ್ಕ ನಾಳೆನ ಇಳಿಸ್ಕೊಳ್ರಿ. ನಿಮಗ ಬರಲಿಲ್ಲಾಂದ್ರ ತಿಳಿದವರ ಕೈಲಿ ಕೊಡ್ರಿ."

"ತಿಳಿದವರು ಅಂದ್ರ?" ಎಂದ ಗುರುಲಿಂಗ. ಆ ಧ್ವನಿ ಕೇಳಿಯೇ ಕೊಟ್ರೇಶ ಮಾತು ಬದಲಿಸಿದ.

"ಆತ್ರಿ. ದೊಡ್ಡ ಫೈಲ್ ಐತಿ, ಹೊತ್ತು ಹಿಡೀತೈತಿ. ಸಿಗ್ನಲ್ ಇದ್ದಲ್ಲಿ ಇಡ್ರಿ. ನಡುವ ಕಡೀಬಾರದು, ಅಷ್ಟ ನೋಡ್ಕೊಳ್ರಿ."

ಎದುರು ಮನೆಯ ಬುಚ್ಚಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳದೂ ನೇಕಾರರ ಮನೆ. ನನ್ನ ತಂಗಿಗೂ ಅವಳಿಗೂ ಮೂವತ್ತು ವರ್ಷದ ಸ್ನೇಹ, ಅಂದರೆ ಮೂವತ್ತು ವರ್ಷದ ಜಗಳ.

"ಅಣ್ಣಾ, ನಮ್ಮ ಅಳಿಯನ ಕೈಲಿ ಕೊಡು. ಐದು ನಿಮಿಷದ ಕೆಲಸ ಅಂತಾನ."

"ಐದು ನಿಮಿಷದಾಗ ಆಗೂದು ಕೆಲಸ ಅಲ್ಲ ಬುಚ್ಚಮ್ಮ. ನಡುವ ಕಡೀಬಾರದು ಅಂದ, ಕೇಳಿದಿಲ್ಲ? ಇದು ಹಾಸು ಹೊಡಿಯೋ ಕೆಲಸ. ನಿನ್ನ ಅಳಿಯ ಹುಟ್ಟೂದಕ್ಕಿಂತ ಮೊದಲ ನಾನು ಹಾಸು ಹೊಡದವ."

ಈಗಿನವರಿಗೆ ಹಾಸು ಹೊಡೆಯುವುದೆಂದರೆ ತಿಳಿಯಲಿಕ್ಕಿಲ್ಲ. ಹಿಂದೆ ಸೀರೆಯ ಉದ್ದೆಳೆಗಳನ್ನು ಓಣಿಯುದ್ದಕ್ಕೂ ಚಾಚಿ, ಎರಡು ತುದಿಗೆ ಗೂಟ ಬಡಿದು ಬಿಗಿದು, ಗಂಜಿ ಹಚ್ಚಿ ಕುಂಚದಿಂದ ಬಾಚುತ್ತಿದ್ದರು. ಹಾಸು ಬಿಚ್ಚಿ ಸುತ್ತುವವರೆಗೆ ಅದನ್ನು ಯಾರೂ ದಾಟಬಾರದು. ಬಾಚುವವನು ಬಿಟ್ಟು ಹೋಗಬಾರದು, ಉಣ್ಣಬಾರದು. ನಡುವೆ ಕೈಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಇಡೀ ಹಾಸು ಹಾಳು. ಆಗ ಎತ್ತಿನ ಗಾಡಿಗಳೂ ಸುತ್ತುಹಾಕಿ ಹೋಗುತ್ತಿದ್ದವು. ಈಗ ಹಾಸು ಸಿದ್ಧವಾಗಿಯೇ ಬರುತ್ತದೆ. ಗೂಟಗಳು ಹತ್ತು ವರ್ಷದಿಂದ ಅಟ್ಟದ ಮೇಲಿದ್ದವು.

ಸೋಮವಾರ ಬೆಳಿಗ್ಗೆ ಅವು ಕೆಳಗಿಳಿದವು.

ಗುರುಲಿಂಗ ಸ್ನಾನ ಮಾಡಿ, ಪೂಜೆ ಮುಗಿಸಿ, ಓಣಿಯ ಎರಡು ತುದಿಗೂ ಗೂಟ ಬಡಿದು ಅಡ್ಡ ಹಗ್ಗ ಕಟ್ಟಿದ. ಕಲ್ಲುಗೋಡೆಯ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಬೇವಿನಮರದ ಕೆಳಗೆ ಬರುತ್ತದೆ. ಅಲ್ಲಿ ಓಣಿಯ ನಟ್ಟನಡುವೆ ಸ್ಟೂಲಿಟ್ಟು, ಸ್ಟೂಲಿನ ಮೇಲೆ ಮಡಿಬಟ್ಟೆ ಹಾಸಿ, ತಾಮ್ರದ ತಂಬಿಗೆಗೆ ಫೋನನ್ನು ಒರಗಿಸಿದ. ಅದರ ಬೆನ್ನಿಗೆ ಮೂರು ಬೆರಳಿನಿಂದ ವಿಭೂತಿ ಎಳೆದ. ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿತು. ಶಿವಾ ಎಂದು ಒತ್ತಿದ. ಒಂದು ನೀಲಿ ಗೆರೆ ಹುಟ್ಟಿ ಇರುವೆಯ ಹಾಗೆ ಹೊರಟಿತು.

"ಭಾವಾ, ನೀವು ಪೂರ್ವದ ತುದಿಗೆ ನಿಲ್ರಿ. ಟವರು ಆ ಕಡೆ ಐತಿ. ಬರೂದು ಅಲ್ಲಿಂದನ."

ನಾನು ನಿಂತೆ. ತಂಗಿಯ ಧ್ವನಿ ಬರುವುದಾದರೆ ನಾನು ಮೈಬೂಬನಗರದವರೆಗೂ ಹೋಗಿ ನಿಲ್ಲುತ್ತಿದ್ದೆ.

ಬುಚ್ಚಮ್ಮ ನೀರಿನ ಕೊಡ ಹೊತ್ತು ಬಂದಳು. "ಹಾಸು ಎಲ್ಲೈತಿ ಅಣ್ಣಾ? ಎಳಿನ ಕಾಣವಲ್ಲದು."

"ಗಾಳ್ಯಾಗ ಐತಿ. ಅಡ್ಡ ಬರಬ್ಯಾಡ, ಹರೀತದ."

"ಹಂಗಾರ ನಾನು ನನ್ನ ಮನಿಗೆ ಹೆಂಗ ಹೋಗಲಿ?"

"ಗೋಡಿ ಹಿಡ್ಕೊಂಡು ಸಾವಕಾಶ ಹೋಗು. ಬಗ್ಗಿ ಹೋಗು."

ಮೂವತ್ತು ವರ್ಷದಲ್ಲಿ ಯಾರಿಗೂ ಬಗ್ಗದ ಬುಚ್ಚಮ್ಮ ಬಗ್ಗಿ ಹೋದಳು. ಒಳಗೆ ಹೋದ ಮೇಲೆ ಏನೆಂದಳೋ ನಾನು ಬರೆಯಲಾರೆ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಒಂದು ಮೇಕೆ ಹಗ್ಗದ ಕೆಳಗೆ ನುಸುಳಿತು. ಗುರುಲಿಂಗ ಎದ್ದು ಅದನ್ನು ಅಟ್ಟಿಕೊಂಡು ಓಣಿಯ ಕೊನೆಯವರೆಗೆ ಹೋಗಿಬಂದ. ಬಂದು ಫೋನನ್ನು ನೋಡಿದವನು ಸ್ವಲ್ಪ ಹೊತ್ತು ಬಗ್ಗಿಯೇ ನಿಂತ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಏನೂ ಆಗದವನ ಮುಖದಲ್ಲಿ ಬೆರಳಿಟ್ಟು ಒತ್ತಿ ಕುಳಿತ.

"ಎಷ್ಟಾತೋ?" ಎಂದೆ.

"ನಾಲ್ಕು ಪರ್ಸೆಂಟು."

"ಆಗಲೇ ತೊಂಬತ್ತು ಅಂದಿದ್ದೆಲ್ಲ! ಹಿಂದಕ್ಕ ಯಾಕ ಹೋತು?"

"ಕುಂಚ ಮುಂದ ಹೋಗಿ ಹಿಂದ ಬರೂದಿಲ್ಲೇನು ಭಾವಾ? ಬಾಚೂದಂದ್ರ ಹಂಗ."

ನನಗೆ ಸರಿ ಎನಿಸಿತು. ನಾನು ಕನ್ನಡ ಕಲಿಸಿದವನು, ವಿಜ್ಞಾನ ಕಲಿಸಿದವನಲ್ಲ. ಅದಾದ ಮೇಲೂ ಆ ಲೆಕ್ಕ ಹಲವು ಸಲ ತೊಂಬತ್ತರಿಂದ ಮೂರಕ್ಕೆ ಇಳಿಯಿತು. ನಾನು ಮತ್ತೆ ಕೇಳಲಿಲ್ಲ.

ಒಂಬತ್ತೂವರೆಗೆ ತಾಯಣ್ಣನ ಗ್ಯಾಸ್ ಸಿಲಿಂಡರಿನ ಆಟೊ ಬಂದು ಹಗ್ಗದ ಮುಂದೆ ನಿಂತಿತು.

"ಏನ್ ಮಾಸ್ತರೆ, ದಾರಿ ಯಾಕ ಬಂದ್?"

"ಗುರುಲಿಂಗಪ್ಪ ಕುಂತಾನ."

ತಾಯಣ್ಣ ಕತ್ತು ಚಾಚಿ ನೋಡಿದ. ಗೂಟ, ಹಗ್ಗ, ಹಣೆತುಂಬ ವಿಭೂತಿ, ನಡುಬೀದಿಯಲ್ಲಿ ಕದಲದೆ ಕುಳಿತ ಮುದುಕ.

"ಉಪಾಸೇನ್ರೀ?"

"ಹೂಂ. ಉಪಾಸ."

"ಯಾವಾಗ ಏಳ್ತಾರ?"

"ಕೆಲಸ ಆಗೋ ತನಕ ಏಳೂದಿಲ್ಲಂತ."

ನಾನು ಹೇಳಿದ ಮೂರೂ ಮಾತು ಸತ್ಯ. ಆದರೆ ಆ ವರ್ಷ ನಮ್ಮ ಊರಿನಲ್ಲಿ ಅಂಥ ಮೂರು ಸತ್ಯಗಳನ್ನು ಒಟ್ಟಿಗೆ ಹೇಳಬಾರದಾಗಿತ್ತು. ತೆಲಂಗಾಣ ಬೇರೆ ರಾಜ್ಯವಾಗಿ ಮೂರು ವರ್ಷವಾಗಿತ್ತು. ಗದ್ವಾಲ ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾರಾಯಣಪೇಟೆ ಜಿಲ್ಲೆಯಾಗಿರಲಿಲ್ಲ. ಊರಲ್ಲಿ ಯಾರಾದರೂ ಊಟ ಬಿಟ್ಟು ದಾರಿಗೆ ಹಗ್ಗ ಕಟ್ಟಿದರೆ ಅದು ಯಾತಕ್ಕೆಂದು ಕೇಳುವ ಅಗತ್ಯವೇ ಇರಲಿಲ್ಲ. ತಾಯಣ್ಣ ನಮಸ್ಕಾರ ಮಾಡಿ ಆಟೊ ತಿರುಗಿಸಿದ. ಅವನ ಆಟೊ ಹೋದ ಪ್ರತಿ ಮನೆಗೂ ಸಿಲಿಂಡರಿನ ಜೊತೆಗೆ ಖಬರೂ ಮುಟ್ಟಿತು.

ಹನ್ನೊಂದಕ್ಕೆ ಕಿಷ್ಟಪ್ಪ ಬಂದ. ಸೀರೆಯ ದಲ್ಲಾಳಿ, ಜಿಲ್ಲೆಯ ಬೇಡಿಕೆಗಾಗಿ ಕಟ್ಟಿದ ಕಮಿಟಿಯೊಂದರ ಕಾರ್ಯದರ್ಶಿ. ಅವನೂ ನಾಲ್ಕು ಸಲ ಉಪವಾಸ ಕುಳಿತಿದ್ದ, ನಾಷ್ಟಾಕ್ಕೂ ಊಟಕ್ಕೂ ನಡುವಿನ ಹೊತ್ತಿನಲ್ಲಿ. ಹಿಂದೆ ಮೂವತ್ತು ಜನ, ಒಂದು ಮೈಕಿನ ಆಟೊ, ಒಂದು ಸೇವಂತಿಗೆ ಹಾರ.

"ಗುರುಲಿಂಗಪ್ಪಾರ! ಕಮಿಟಿಗೆ ಒಂದು ಮಾತು ಹೇಳದ ಕುಂತ್ರಲ್ಲ! ಆಮರಣಾಂತ ಅಂತ ಕೇಳಿ ನನ್ನ ಎದಿ ಒಡೀತು!"

ಗುರುಲಿಂಗ ಒಂದು ಕೈ ಎತ್ತಿದ. "ಹಗ್ಗ ದಾಟಬ್ಯಾಡ."

"ನೋಡ್ರಿ, ನೋಡ್ರಿ ಶಿಸ್ತು!" ಎಂದು ಕಿಷ್ಟಪ್ಪ ಹಿಂದಿನವರ ಕಡೆ ತಿರುಗಿದ.

ನನಗೆ ಆತ್ಮಸಾಕ್ಷಿ ಚುಚ್ಚಿತು. ಅವನನ್ನು ಬದಿಗೆ ಕರೆದು ಹೇಳಿದೆ: "ಕಿಷ್ಟಪ್ಪ, ನೀನು ತಿಳದಂಗ ಏನೂ ಇಲ್ಲ. ನನ್ನ ತಂಗಿ ಧ್ವನಿ ಇರೋ ವಿಡಿಯೊ ಫೋನಿಗೆ ಇಳಿಯಾಕತ್ತೈತಿ. ಅದಕ್ಕ ಕಾವಲು ಕುಂತಾನ."

ಕಿಷ್ಟಪ್ಪ ನನ್ನ ಮುಖ ನೋಡಿ ಕಣ್ಣು ಹೊಡೆದ. "ಪೊಲೀಸರು ಬಂದ್ರ ಇದನ್ನ ಹೇಳ್ರಿ ಮಾಸ್ತರೆ. ಭಾರಿ ತಲಿ ಓಡಿಸೀರಿ."

ನಾನು ಗುರುಲಿಂಗನ ಹತ್ತಿರ ಹೋಗಿ, "ನೀನಾದರೂ ಹೇಳೋ" ಎಂದೆ. ಅವನು ಗೆರೆಯಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದ: "ಇರಲಿ ಭಾವಾ. ಅವರು ಹಗ್ಗದ ಆಚೀಗೆ ನಿಂತು ದನಾ-ಮೇಕಿ ಅಡ್ಡ ಬರದಂಗ ನೋಡ್ಕೊಂತಾರ. ನಮಗ ಆಳು ಬೇಕಲ್ಲ."

ಮೈಕು ಶುರುವಾಯಿತು. "ಬಂಧುಗಳೇ, ಗದ್ವಾಲದ ಸೀರಿಗೆ ಅಂಚೈತಿ, ಜಿಲ್ಲೆ ಕೊಟ್ರು. ನಮ್ಮ ಸೀರಿಗೆ ಅಂಚಿಲ್ಲೇನು?" ಜನ ಚಪ್ಪಾಳೆ ತಟ್ಟಿದರು. ಬುಚ್ಚಮ್ಮ ಕನಿಕರಪಟ್ಟು ಚಹಾ ತಂದಳು, ಗುರುಲಿಂಗ ತಲೆಯಲ್ಲಾಡಿಸಿದ. ಆ ತಲೆಯಲ್ಲಾಡಿಸಿದ್ದನ್ನು ಹತ್ತು ಫೋನುಗಳು ಹಿಡಿದವು. ಆ ಹತ್ತನ್ನು ನೋಡಿ ನೂರು ಜನ ಬಂದರು. ನೂರು ಜನರ ನೂರು ಫೋನುಗಳೂ ಮೇಲೆದ್ದವು. ಹಗ್ಗದ ಆಚೆ ಕೈಗಳ ಕಾಡು. ಎಲ್ಲರೂ ಅಲ್ಲಿಂದಲೇ ತಮ್ಮ ತಮ್ಮ ಬಂಧುಗಳಿಗೆ ನೇರಪ್ರಸಾರ ಮಾಡತೊಡಗಿದರು. ಊರಿಗೆಲ್ಲ ಇರುವುದು ಆ ಒಂದೇ ಟವರು.

ಎರಡು ಗಂಟೆಗೆ ನೀಲಿ ಗೆರೆ ನಲವತ್ತೊಂದರಲ್ಲಿ ನಿಂತಿತು. ಎರಡೂವರೆಗೂ ನಲವತ್ತೊಂದು. ಮೂರಕ್ಕೂ ನಲವತ್ತೊಂದು. ಗುರುಲಿಂಗನ ಮುಖದ ಮೇಲಿನ ವಿಭೂತಿ ಬೆವರಿನಲ್ಲಿ ಕರಗಿ ಗಲ್ಲಕ್ಕೆ ಇಳಿಯಿತು.

"ಭಾವಾ, ಗಂಜಿ ಒಣಗಾಕತ್ತೈತಿ" ಎಂದ. ಆ ಧ್ವನಿ ಕೇಳಿ ನನಗೆ ನಗು ಬರಲಿಲ್ಲ.

ನಾಲ್ಕಕ್ಕೆ ಸರ್ಕಾರ ಬಂತು. ಸರ್ಕಾರವೆಂದರೆ ನಾಯಬ್ ತಹಶೀಲ್ದಾರ ನರೇಂದ್ರ, ಹೊಸದಾಗಿ ಕೆಲಸಕ್ಕೆ ಸೇರಿದ ತೆಳ್ಳನೆಯ ಯುವಕ. ಅವನ ಹಿಂದೆ ಹೆಡ್ ಕಾನ್‌ಸ್ಟೇಬಲ್ ಶ್ರೀರಾಮುಲು, ಕೈಯಲ್ಲಿ ನಿಂಬೆಹಣ್ಣಿನ ಪಾನಕದ ಗ್ಲಾಸು. ನರೇಂದ್ರ ಹಗ್ಗದ ಬಳಿ ಚಪ್ಪಲಿ ಬಿಟ್ಟು, ತೆಲುಗು ಬೆರೆಸಿ ಕೈಮುಗಿದ.

"ತಾತಾ, ನಿಮ್ಮ ಡಿಮಾಂಡ್ ಏಮಿಟೋ ಚೆಪ್ಪಂಡಿ, ಏನು ಬೇಕು ಹೇಳಿ. ಮೇಲಿನವರಿಗೆ ಬರಿತೀನಿ."

ಮೈಕು ನಿಂತಿತು. ಕಿಷ್ಟಪ್ಪ ಉಸಿರು ಬಿಗಿಹಿಡಿದ. ಗುರುಲಿಂಗ ಎದ್ದು ನಿಂತ.

"ಈ ಮಂದಿ ಎಲ್ಲಾರೂ ಫೋನು ಬಂದ್ ಮಾಡಬೇಕು. ಈಗಿಂದೀಗ."

ನರೇಂದ್ರ ಕಣ್ಣು ಮಿಟುಕಿಸಿದ. "ಅಂತೇನಾ? ಅಷ್ಟೇನಾ ತಾತಾ?"

"ಅಷ್ಟ."

ಕೆಲಸಕ್ಕೆ ಸೇರಿದಂದಿನಿಂದ ಆ ಹುಡುಗನ ಮುಂದೆ ಜನ ನೀರು ಕೇಳಿದ್ದರು, ರಸ್ತೆ ಕೇಳಿದ್ದರು, ಜಿಲ್ಲೆ ಕೇಳಿದ್ದರು. ತಾನೇ ನಿಂತಲ್ಲಿ ಮಂಜೂರು ಮಾಡಬಹುದಾದ ಬೇಡಿಕೆ ಅವನಿಗೆ ಅದೇ ಮೊದಲು. ಅವನ ಮುಖ ಬೆಳಗಿತು.

"ಶ್ರೀರಾಮುಲು!"

"ಫೋನ್ ಬಂದ್!" ಎಂದು ಶ್ರೀರಾಮುಲು ಗುಡುಗಿದ. ಬುಚ್ಚಮ್ಮನ ರೊಟ್ಟಿಬುಟ್ಟಿ ಇಸಿದುಕೊಂಡು ಫೋನುಗಳನ್ನು ತುಂಬಿಕೊಂಡ. ಕಿಷ್ಟಪ್ಪ "ನಾನು ಕಾರ್ಯದರ್ಶಿ" ಎಂದ; ಅವನ ಎರಡು ಫೋನೂ ಬುಟ್ಟಿಗೆ ಬಿದ್ದವು. ಅಷ್ಟರಲ್ಲಿ ನರೇಂದ್ರನದೇ ಬಡಿದುಕೊಂಡಿತು, ಮೈಬೂಬನಗರದ ಜಿಲ್ಲಾ ಕಚೇರಿಯಿಂದ. "ಸಾರ್, ಡಿಮಾಂಡ್ ಒಪ್ಪಿಕೊಂಡಿವಿ ಸಾರ್, ಅದರ ಪ್ರಕಾರ ಈಗ ಈ ಫೋನ್ ಕೂಡಾ..." ಎನ್ನುತ್ತ ಅದನ್ನೂ ಆರಿಸಿ ಬುಟ್ಟಿಗೆ ಹಾಕಿದ.

ಗೆರೆ ಮಿಸುಕಿತು. ನಲವತ್ತೆರಡು.

ಫೋನಿಲ್ಲದ ಜನಕ್ಕೆ ನೋಡಲು ಬೇರೇನೂ ಉಳಿದಿರಲಿಲ್ಲ. ಎಲ್ಲರೂ ಹಗ್ಗಕ್ಕೆ ಒರಗಿ ಆ ಗೆರೆಯನ್ನೇ ನೋಡಿದರು. ಐವತ್ತಾದಾಗ ಯಾರೋ ಶಿಳ್ಳೆ ಹೊಡೆದರು. ಅರವತ್ತರಿಂದ ಎಲ್ಲರೂ ಒಟ್ಟಿಗೆ ಎಣಿಸಿದರು. ಕಿಷ್ಟಪ್ಪ ಏನೆಂದು ತಿಳಿಯದಿದ್ದರೂ ಹಿಂದೆ ಬೀಳಬಾರದೆಂದು ಮೈಕಿನಲ್ಲಿ ಎಣಿಸಿದ. ಐದೂವರೆಗೆ ತೊಂಬತ್ತು. ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ತೊಂಬತ್ತೆಂಟು.

ತೊಂಬತ್ತೆಂಟರಲ್ಲಿ ಫೋನು ಒಮ್ಮೆ ನಡುಗಿತು. ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಬಂತು. ಗೆರೆ ಮಾಯವಾಯಿತು.

ಗುರುಲಿಂಗ ಒತ್ತಿದ. ಮತ್ತೆ ಒತ್ತಿದ. ಮೂರು ಸಲ, ನಾಲ್ಕು ಸಲ ಒತ್ತಿದ. ಮಸೀದಿಯ ಹತ್ತಿರದ ಗಡಿಯಾರದಲ್ಲಿ ಆರು ಹೊಡೆಯಿತು. ಕೊಟ್ರೇಶ ಹೇಳಿದ ಹಾಗೆಯೇ, ಒತ್ತಿದಲ್ಲಿ ಬಿಳಿಯ ಹಾಳೆಯೊಂದು ಬಿಟ್ಟರೆ ಏನೂ ಬರಲಿಲ್ಲ.

ಅವನು ಯಾರನ್ನೂ ಬೈಯಲಿಲ್ಲ. ನಿಧಾನವಾಗಿ ನಡೆದುಹೋಗಿ ಪಶ್ಚಿಮದ ಗೂಟವನ್ನು ತಾನೇ ಕಿತ್ತ. ಬಂದು ಸ್ಟೂಲಿನ ಪಕ್ಕ ನೆಲದ ಮೇಲೆ ಕುಳಿತ.

"ಹಾಸು ಹರೀತು ಭಾವಾ" ಎಂದ.

ನನ್ನ ಕೈಯಿಂದ ಹಗ್ಗ ಜಾರಿತು. ಬುಚ್ಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಿಷ್ಟಪ್ಪ ಕೂಡ ಮೈಕು ಆರಿಸಿದ. "ಏನಾತು? ಜಿಲ್ಲೆ ಕೊಡೂದಿಲ್ಲಂತೇನು?" ಎಂದು ತಾಯಣ್ಣ ಮೆಲ್ಲಗೆ ಕೇಳಿದ.

ನರೇಂದ್ರ ನನ್ನ ಮುಖ ನೋಡಿದ. ಕಿಷ್ಟಪ್ಪನಿಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ಅವನು ಕಣ್ಣು ಹೊಡೆಯಲಿಲ್ಲ. ಸ್ಟೂಲಿನ ಮುಂದೆ ಮೊಣಕಾಲೂರಿ, "ಒಂದ್ಸಾರಿ ನೋಡಲಾ ತಾತಾ?" ಎಂದು ಫೋನನ್ನು ಎತ್ತಿಕೊಂಡ. ದಿನಕ್ಕೆ ನಲವತ್ತು ಸುತ್ತೋಲೆ ಇಳಿಸಿಕೊಳ್ಳುವ ಕೈ. ಎರಡು ಕಡೆ ಒತ್ತಿದ, ಹುಬ್ಬೇರಿಸಿದ, ಎಣಿಸಿದ.

"ತಾತಾ, ಇದರಲ್ಲಿ ಆರು ಉನ್ನಾಯಿ. ಆರು ಇವೆ."

"ಏನು ಆರು?"

"ಅದೇ ವಿಡಿಯೊ. ಆರು ಸಾರಿ ಪೂರ್ತಿ ಇಳಿದಿದೆ. ಏಳನೇದಕ್ಕೆ ಜಾಗ ಸಾಲದು ಅಂತ ನಿಂತಿದೆ. ಮೊದಲನೇದು ಬಂದದ್ದು..." ಅವನು ಗಂಟಲು ಸರಿಮಾಡಿಕೊಂಡ. "ಬೆಳಿಗ್ಗೆ ಎಂಟು ಐವತ್ತಕ್ಕೆ."

ಎಂಟು ಐವತ್ತು. ಅಂದರೆ ಮೇಕೆ ಬಂದಾಗ. ತಾಯಣ್ಣ, ಕಿಷ್ಟಪ್ಪ, ಮೈಕು, ಸರ್ಕಾರ ಯಾವುದೂ ಬರುವ ಮುಂಚೆ. ಆಗ ಗೆರೆ ಮಾಯವಾಗಿದ್ದು ಕೆಲಸ ಮುಗಿಯಿತೆಂದು; ಕಡಿಯಿತೆಂದು ತಿಳಿದು ಗುರುಲಿಂಗ ಮತ್ತೆ ಮೊದಲಿನಿಂದ ಒತ್ತಿದ್ದ. ಎಲ್ಲರೂ ಗುರುಲಿಂಗನನ್ನು ನೋಡಿದರು. ಅವನು ಬೇವಿನಮರವನ್ನು ನೋಡಿದ.

"ಕಾಯೋದೇ ಬೇಕಿರಲಿಲ್ಲ ತಾತಾ. ಜೇಬಿನಲ್ಲಿ ಇಟ್ಟುಕೊಂಡು ಮಗ್ಗಕ್ಕೆ ಕೂತಿದ್ದರೂ ಅದು ಹಿಂದೆ ತಾನೇ ಇಳೀತಿತ್ತು."

"ಯಾರೂ ನೋಡದ ಹಾಸು ಹೆಂಗ ಆಗ್ತದಪ್ಪಾ?" ಎಂದ ಗುರುಲಿಂಗ. ಸೋತರೂ ವಾದ ಬಿಡುವವನಲ್ಲ.

ನರೇಂದ್ರ ಒತ್ತಿದ.

ಗದ್ವಾಲದ ಪಡಸಾಲೆ. ತೊಟ್ಟಿಲು. ಹೆಂಗಸರ ಗದ್ದಲ. ಮಗುವಿಗಿಂತ ಹೆಚ್ಚು ಹೊತ್ತು ಕಂಬವೇ ಕಂಡಿತು. ನೂರು ಜನ ಉಸಿರು ಬಿಡದೆ ಕೇಳುತ್ತಿದ್ದರು. ಚನ್ನವೀರಮ್ಮ ಎಲ್ಲಿಯೂ ಕಾಣಲಿಲ್ಲ. ಅವಳು ಯಾವ ಸಮಾರಂಭದಲ್ಲೂ ಅಡುಗೆಮನೆ ಬಿಟ್ಟು ಬಂದವಳಲ್ಲ. ಕೊನೆಗೆ ಚಿತ್ರ ತಿರುಗಿ ಕಟ್ಟೆಯ ಮೇಲೆ ನಿಂತಿತು. ಅಲ್ಲಿ ಗುರುಲಿಂಗ ಕುಳಿತು ನಾಲ್ಕು ಜನರಿಗೆ ಬಣ್ಣದ ಬಗ್ಗೆ ಬೋಧನೆ ಮಾಡುತ್ತಿದ್ದ. ಆಗ ಒಳಗಿನಿಂದ, ಸೌಟು ಪಾತ್ರೆಗೆ ಬಡಿದ ಸದ್ದಿನ ಜೊತೆಗೆ, ಅವಳ ಧ್ವನಿ ಬಂತು.

"ಏನ್ರೀ! ಎಲ್ಲಾರೂ ಉಂಡು ಕೈ ತೊಳಕೊಂಡರು. ಎಷ್ಟು ಸರ್ತಿ ಕರೀಬೇಕು ನಿಮ್ಮನ್ನ? ಸಾಕು ಮಾಡ್ರಿ ಆ ಮಾತು. ಏಳ್ರಿ, ಉಣ್ಣಾಕ ಬರ್ರಿ!"

"ಬಂದೆ, ಬಂದೆ" ಎಂದು ಗುರುಲಿಂಗ ಎದ್ದ.

ವಿಡಿಯೊದೊಳಗಿನ ಗುರುಲಿಂಗನಲ್ಲ; ಅವನು ಇನ್ನೂ ಮಾತಾಡುತ್ತಲೇ ಇದ್ದ. ನೆಲದ ಮೇಲೆ ಕುಳಿತಿದ್ದವನು ಎದ್ದ. ಎದ್ದು, ಪಂಚೆ ಝಾಡಿಸಿ, ಯಾರ ಕಡೆಯೂ ನೋಡದೆ, ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋಗಿ ಮಣೆಯ ಮೇಲೆ ಕುಳಿತ. ಬುಚ್ಚಮ್ಮ ಓಡಿಹೋಗಿ ಜೋಳದ ರೊಟ್ಟಿ, ಪುಂಡಿಪಲ್ಲೆ ತಂದು ಬಡಿಸಿದಳು. ಓಣಿಯಲ್ಲಿ ಜನ ಜಯಕಾರ ಮಾಡಿದರು, ಕೆಲವರು ಕಣ್ಣೊರೆಸಿಕೊಂಡರು. ಎರಡೂ ಯಾತಕ್ಕೆಂದು ಅವರಿಗೂ ಗೊತ್ತಿರಲಿಲ್ಲ. ಬಿಸಿಲಲ್ಲಿ ಎರಡು ತಾಸು ಹಿಡಿದು ನಿಂತ ಪಾನಕವನ್ನು ಶ್ರೀರಾಮುಲು ತಾನೇ ಕುಡಿದ.

ಮರುದಿನದ ಪತ್ರಿಕೆಯಲ್ಲಿ "ಜಿಲ್ಲೆಗಾಗಿ ನೇಕಾರನ ನಿರಶನ" ಎಂದು ಬಂತು; ಫೋಟೊದಲ್ಲಿ ಕಿಷ್ಟಪ್ಪನ ಮುಖವಿತ್ತು. ನರೇಂದ್ರನ ವರದಿಯ ಪ್ರತಿಯನ್ನು ನಾನು ಓದಿದ್ದೇನೆ. ಕಾರಣದ ಜಾಗದಲ್ಲಿ "ಮೊಬೈಲ್ ಫೋನುಗಳ ವಿರುದ್ಧ ಪ್ರತಿಭಟನೆ" ಎಂದಿದೆ; ಕೊನೆಯಲ್ಲಿ: "ಕುಟುಂಬದ ಹಿರಿಯ ಮಹಿಳೆಯೊಬ್ಬರ ಮನವೊಲಿಕೆಯಿಂದ ನಿರಶನ ಶಾಂತಿಯುತವಾಗಿ ಮುಕ್ತಾಯಗೊಂಡಿದೆ." ಸರ್ಕಾರಿ ಕಾರಣ ತಪ್ಪು ಎಂದು ಮೊದಲೇ ಹೇಳಿದೆ. ಆದರೆ ಈ ಒಂದು ವಾಕ್ಯದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಮುಂದೆ ಒಂದೂವರೆ ವರ್ಷಕ್ಕೆ ನಾರಾಯಣಪೇಟೆ ಜಿಲ್ಲೆಯೂ ಆಯಿತು. ಅದರ ಕೀರ್ತಿಯಲ್ಲಿ ಗುರುಲಿಂಗನಿಗೂ ಪಾಲಿದೆ ಎಂದು ಕಿಷ್ಟಪ್ಪ ಪ್ರತಿ ಸಭೆಯಲ್ಲಿ ಹೇಳುತ್ತಾನೆ. ಗುರುಲಿಂಗ ಇಲ್ಲವೆನ್ನುವುದಿಲ್ಲ.

ಒಂದನ್ನು ಇಟ್ಟುಕೊಂಡು ಉಳಿದ ಐದನ್ನು ಅಳಿಸಿದರೆ ಫೋನು ಹಗುರಾಗುತ್ತದೆಂದು ಬುಚ್ಚಮ್ಮನ ಅಳಿಯ ಎಷ್ಟೋ ಸಲ ಹೇಳಿದ. ಗುರುಲಿಂಗ ಒಪ್ಪಲಿಲ್ಲ. ಆರೂ ಇವೆ.

ಈಗ ದಿನವೂ ಮಧ್ಯಾಹ್ನ ಒಂದು ಗಂಟೆಗೆ ಅವನ ಮನೆಯಿಂದ ಆ ಕೂಗು ಬರುತ್ತದೆ. ಗುರುಲಿಂಗ ಮಗ್ಗದ ಕುಣಿಯಿಂದ ಮೇಲೇಳುತ್ತಾನೆ. ಎದುರು ಮನೆಯಲ್ಲಿ ಬುಚ್ಚಮ್ಮ, "ಅಕ್ಕ ಕರೆದಳು, ಏಳ್ರಿ" ಎಂದು ತನ್ನವರನ್ನು ಎಬ್ಬಿಸುತ್ತಾಳೆ. ಮೂರು ಮನೆ ಆಚೆ ನಾನು ಓದುತ್ತಿದ್ದ ಪುಸ್ತಕ ಮಡಚಿ, ಕನ್ನಡಕ ತೆಗೆದಿಡುತ್ತೇನೆ. ಅವಳು ಕರೆಯುವುದು ನನ್ನನ್ನಲ್ಲ. ಆದರೂ ಏಳುತ್ತೇನೆ. ತಡಮಾಡಿದರೆ ಅವಳು ಎರಡನೆಯ ಸಲ ಕರೆಯುತ್ತಾಳೆ; ಗುರುಲಿಂಗ ಮತ್ತೆ ಒತ್ತಿರುತ್ತಾನೆ.